ಬ್ರದರ್ರೂ ಕಸಿನ್ನೂ

ಕಾದ ಕಬ್ಬಿಣದ ಮೇಲೆ ಎಣ್ಣೆ ಬಿದ್ದರೆ ಒಂದು ಸುಟ್ಟ ವಾಸನೆ ಏಳುತ್ತದೆ. ಮೊನ್ನೆ ಶಿವಮೊಗ್ಗದ ನನ್ನ ವರ್ಕ್‌ಶಾಪಿನಲ್ಲಿ ಆ ವಾಸನೆ ಮೂಗಿಗೆ ಅಡರಿದಾಗ ಭದ್ರಾವತಿಯ ಮೇಸ್ತ್ರಿ ಕಣ್ಣ ಮುಂದೆ ನಿಂತರು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ನನ್ನ ಲೇತಿನಿಂದ ಇಳಿದ ಶಾಫ್ಟನ್ನು ಇವತ್ತಿನವರೆಗೆ ಯಾರೂ ವಾಪಸ್ ತಂದಿಲ್ಲ. ಆ ಕೆಲಸ ಕಲಿಸಿದವರು ಅವರು. ಕಲಿಸಿದ್ದು ಹೊಡೆದೇ. ತಪ್ಪಿದರೆ ಸ್ಪ್ಯಾನರ್ ಬೀಸಿ ಒಗೆಯುತ್ತಿದ್ದರು. ಒಮ್ಮೆ ನನ್ನ ಹುಬ್ಬು ಒಡೆದು, ತಾವೇ ರಕ್ತ ಒರೆಸುತ್ತಾ, "ಅಳಬೇಡ ಮಾರಾಯ, ಕಣ್ಣು ಉಳೀತಲ್ಲ" ಎಂದಿದ್ದರು.

ತೊಂಬತ್ತರ ದಶಕದ ಕೊನೆ ಇರಬೇಕು... ಭದ್ರಾವತಿಯ ನ್ಯೂ ಟೌನ್ ಆಚೆ ನಾವಿಬ್ಬರೂ ಕೆಲಸಕ್ಕಿದ್ದ ವರ್ಕ್‌ಶಾಪಿಗೆ ಮಧ್ಯಾಹ್ನ ಫೋನ್ ಬಂತು. ಹಿಂದಿನ ದಿನ ಕುಂಸಿಯಲ್ಲಿ ಬೇಲಿ ಜಗಳವಾಗಿ, ಮೇಸ್ತ್ರಿಯ ದೊಡ್ಡಪ್ಪನ ಮಗನನ್ನು ಪಕ್ಕದ ಹೊಲದವರು ಹಾರೆಯಿಂದ ಹೊಡೆದು ಕೊಂದಿದ್ದರು. ಪೋಸ್ಟ್‌ಮಾರ್ಟಂ ಮುಗಿದು ಹೆಣ ಊರಿಗೆ ಹೊರಟಿತ್ತು. ಸತ್ತವನಿಗೆ ಮಕ್ಕಳಿಲ್ಲ. ಕತ್ತಲಾಗುವುದರೊಳಗೆ ಮೇಸ್ತ್ರಿಯೇ ಹೋಗಿ ಬೆಂಕಿ ಇಡಬೇಕು.

ಹೊಸ ಮ್ಯಾನೇಜರ್ ಕೇಳಿದ, "ಒಡಹುಟ್ಟಿದೋನಾ?"

"ದೊಡ್ಡಪ್ಪನ ಮಗ ಸಾರ್. ನಮ್ಮಣ್ಣ."

"ಹಂಗಾದ್ರೆ ಬ್ರದರ್ ಅಲ್ಲ ಕಣಯ್ಯ, ಕಸಿನ್. ಕಸಿನ್‌ಗೆಲ್ಲಾ ರಜಾ ಕೊಡ್ತಾ ಕೂತ್ರೆ ಇಲ್ಲಿ ಬೀಗ ಹಾಕ್ಬೇಕಷ್ಟೇ."

"ನಿಮ್ ಕಸಿನ್ ಸತ್ರೆ ನೀವು ತಲೆ ಬೋಳಿಸ್ಕೋತೀರಾ ಸಾರ್?"

"ನಾನ್ಯಾಕಯ್ಯ ಬೋಳಿಸ್ಕೊಳ್ಲಿ?" ಎಂದು ಅವನು ನಕ್ಕ.

"ನಾನು ಬೋಳಿಸ್ಕೋಬೇಕು. ಅವನು ಕಸಿನ್ ಅಲ್ಲ."

ನಮ್ಮಲ್ಲಿ ದೊಡ್ಡಪ್ಪನ ಮಗ ಅಣ್ಣನೇ, ಸೂತಕವೂ ಅಣ್ಣನದೇ. ಅತ್ತೆಯ ಮಗ ಭಾವ, ಅವನ ತಂಗಿಯನ್ನು ಮದುವೆಯೂ ಆಗಬಹುದು. ಈ ಇಬ್ಬರನ್ನೂ ಕಸಿನ್ ಎಂಬ ಒಂದೇ ಚೀಲಕ್ಕೆ ತುಂಬುವುದು ಹೇಗೆ?

ಮ್ಯಾನೇಜರ್ ಇನ್ನೂ ನಗುತ್ತಿದ್ದ. ಮೇಸ್ತ್ರಿಯ ಮುಷ್ಟಿ ಅವನ ಮೂಗಿಗೆ ಬಿತ್ತು. ರಕ್ತ ಅಂಗಿಯ ಮೇಲೆಲ್ಲ ಇಳಿಯಿತು. ಅವನು ಗೇಟಿಗೆ ಬೀಗ ಜಡಿಸಿದರೆ, ಮೇಸ್ತ್ರಿ ದೊಡ್ಡ ಸುತ್ತಿಗೆ ಎತ್ತಿ ಬೀಗವನ್ನೇ ಬಡಿದರು. ವಾಚ್‌ಮನ್ನಿನ ದೊಣ್ಣೆ ಅವರ ಬಲಗೈಗೆ ಅಪ್ಪಳಿಸಿತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಎಡಗೈಯಲ್ಲೇ ಬಡಿದು ಬೀಗ ಬೀಳಿಸಿದರು. ನಾನು ಸ್ಕೂಟರ್ ಒದ್ದು ಚಾಲೂ ಮಾಡಿದೆ.

ಕುಂಸಿ ಮುಟ್ಟುವಾಗ ಸೌದೆ ಒಟ್ಟಿ ಕಾಯುತ್ತಿದ್ದರು. ಮುರಿದ ಕೈ ಊದಿ ಕೊರಡಾಗಿತ್ತು. ಕೊಳ್ಳಿಯನ್ನು ಎಡಗೈಗೆ ಕೊಡಲು ಹೋದೆ.

"ಅಣ್ಣನಿಗೆ ಎಡಗೈಯಾಗೆ ಇಡ್ತಾರೇನೋ, ಬೇವರ್ಸಿ!"

ಬಲಗೈಯಲ್ಲೇ ಹಿಡಿದರು. ಹಲ್ಲು ಕಚ್ಚಿದರೂ ತಡೆಯಲಾಗದೆ ಚೀರಿದ ಆ ಚೀರು...

ಕೆಲಸ ಹೋಯಿತು. ಕೈ ಸೊಟ್ಟಗೆ ಕೂಡಿಕೊಂಡಿತು. ಅವರು ಮತ್ತೆ ಲೇತ್ ಮುಟ್ಟಲಿಲ್ಲ. ನಾನು ಶಿವಮೊಗ್ಗಕ್ಕೆ ಬಂದೆ. ಹೋಗಿ ಬರುವುದು ಕಮ್ಮಿಯಾಯಿತು, ಆಮೇಲೆ ನಿಂತೇಹೋಯಿತು...

ಮೊನ್ನೆ ಮನಸ್ಸು ತಡೆಯದೆ ಹಳೇ ಜೊತೆಗಾರನಿಗೆ ಫೋನ್ ಮಾಡಿದೆ. "ಮೇಸ್ತ್ರಿ ಹೋಗಿ ತಿಂಗಳಾಯ್ತಲ್ಲೋ, ನಿಂಗ್ಯಾರೂ ಹೇಳ್ಲಿಲ್ವಾ?" ಎಂದ. ನನಗೆ ಯಾರು ಹೇಳಬೇಕು, ನಾನು ಅವರಿಗೆ ಏನೂ ಆಗಬೇಕಾದವನಲ್ಲ.

ಮನೆಗೆ ಬಂದವನೇ ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ. ಹೆಂಡತಿ ಬಚ್ಚಲ ಬಾಗಿಲಿಗೆ ಓಡಿ ಬಂದಳು.

"ಅಯ್ಯೋ, ಯಾರು ಹೋದ್ರು ರೀ?"

"ಅಣ್ಣ."

"ನಿಮ್ಗೆ ಅಣ್ಣ ಎಲ್ಲಿದ್ದಾರೆ?"

"ಈಗಿಲ್ಲ" ಎಂದೆ.