ನೀಲಗಿರಿ ಎಲೆಯ ಕಿಚ್ಚು

ಹಾಲಿನಕ್ಕ ಬೆಂಕಿಗೆ ಸೀಮೆಎಣ್ಣೆ ಸುರಿಯಲಿಲ್ಲ. ನಾನು ಹಾರಿದೆ, ನನ್ನ ಲಂಗ ಹೊತ್ತಿಕೊಂಡಿತು, ಎಡಗಾಲಿನ ಮೀನಖಂಡ ಬೆಂದಿತು. ನಡೆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ನಮ್ಮ ವಠಾರದವರು ಕೊಳಾಯಿ ಹತ್ತಿರ ನಿಂತು ಕಟ್ಟಿದ್ದು. ಅವರಲ್ಲಿ ಈಗ ಯಾರೂ ಉಳಿದಿಲ್ಲ. ಉಳಿದಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ.

ಮಹಾರಾಜರ ಆಳ್ವಿಕೆ ಮುಗಿದ ಹೊಸತು. ನಾವು ಆಗ ದೇವರಾಜ ಮೊಹಲ್ಲಾದ ಒಂದು ವಠಾರದಲ್ಲಿದ್ದೆವು. ನಡುವೆ ಅಂಗಳ, ಸುತ್ತ ಏಳೆಂಟು ಸಂಸಾರ, ಎಲ್ಲರಿಗೂ ಸೇರಿ ಒಂದು ಕೊಳಾಯಿ. ಅಪ್ಪ ಮಾರ್ಕೆಟ್ಟಿನ ಬೆಲ್ಲದ ಮಂಡಿಯಲ್ಲಿ ತೂಕ ಹಾಕುತ್ತಿದ್ದರು. ವಠಾರದ ಯಜಮಾನರು ಬೀದಿ ಕಡೆಯ ದೊಡ್ಡ ಮನೆಯಲ್ಲಿದ್ದರು. ನಮ್ಮದು ಅವರ ಜಗಲಿಯ ಮಗ್ಗುಲಿನ ಒಂದೂವರೆ ಕೋಣೆ. ಹಿಂದುಗಡೆ, ಕಾಂಪೌಂಡಿನ ಗೋಡೆಗೆ ಒರಗಿದ ಹಾಗೆ ಒಂದು ಕೊಟ್ಟಿಗೆ. ಅದರಲ್ಲಿ ಹಾಲಿನಕ್ಕನ ಎರಡು ಹಸು, ಅವುಗಳ ಪಕ್ಕದಲ್ಲೇ ಆಕೆಯ ಚಾಪೆ. ಗಂಡ ಸತ್ತ ಮೇಲೆ ಹಸು ಹೊಡೆದುಕೊಂಡು ಊರಿಂದ ನಡೆದು ಬಂದವಳು. ಬಾಯಿ ಜೋರು. ವಠಾರದ ಎಲ್ಲ ಮನೆಗೂ ಆಕೆಯದೇ ಹಾಲು, ಹಾಗಾಗಿ ಆ ಬಾಯನ್ನು ಎಲ್ಲರೂ ಸಹಿಸಿಕೊಂಡಿದ್ದರು.

ಯಜಮಾನರಿಗೆ ಮಾತ್ರ ಆ ಕೊಟ್ಟಿಗೆ ಮೇಲೆ ಕಣ್ಣು. ಯಾರೋ ಸಾಹೇಬರು ಮಾರಿದ ಹಳೇ ಮೋಟಾರು ಕೊಂಡಿದ್ದರು. ಅದನ್ನು ಬೀದಿಯಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿದ್ದರು. ಕೊಟ್ಟಿಗೆ ಖಾಲಿಯಾದರೆ ಮೋಟಾರಿಗೆ ಸರಿಯಾಗುತ್ತಿತ್ತು. ಬಿಡಿಸುವುದಕ್ಕೆ ಒಂದು ಕಾರಣ ಬೇಕಿತ್ತು.

ಇನ್ನು ನಮ್ಮ ಆಟ. ಸಂಕ್ರಾಂತಿಯ ಸಂಜೆ ಹಸುಗಳಿಗೆ ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಾಕಿ, ಅದರ ಮೇಲೆ ಓಡಿಸುತ್ತಾರೆ. ಕಿಚ್ಚು ಹಾಯಿಸುವುದು ಅನ್ನುತ್ತಾರೆ. ನಮ್ಮ ಕಿಚ್ಚಿಗೆ ಹಬ್ಬವೂ ಬೇಕಿರಲಿಲ್ಲ, ಹಸುವೂ ಬೇಕಿರಲಿಲ್ಲ. ಮಾಗಿ ಚಳಿ ಶುರುವಾದರೆ ಸಾಕು. ಧನುರ್ಮಾಸದ ಪೂಜೆಗೆಂದು ದೊಡ್ಡವರು ನಸುಕಿನಲ್ಲೇ ದೇವಸ್ಥಾನಕ್ಕೆ ಹೋಗುತ್ತಿದ್ದರು. ಅವರು ಹುಗ್ಗಿಯ ದೊನ್ನೆ ಹಿಡಿದು ವಾಪಸು ಬರುವುದರೊಳಗೆ ನಾವು ಅಂಗಳದಲ್ಲಿ ತರಗೆಲೆ ಗುಡ್ಡೆ ಹಾಕಿ ಬೆಂಕಿ ಇಟ್ಟು ಹಾರುತ್ತಿದ್ದೆವು. ಹಾರುತ್ತಿದ್ದವರು ಹುಡುಗರು. ಲಂಗದವರು ಹಾರಕೂಡದು ಎಂದು ಅವರೇ ಕಾಯಿದೆ ಮಾಡಿದ್ದರು. ಎಲೆ ಗುಡಿಸಿ ತರುವುದಕ್ಕೆ ಮಾತ್ರ ಲಂಗ ಅಡ್ಡ ಬರುತ್ತಿರಲಿಲ್ಲ.

ಎಲೆ ಸಾಲದೆ ಒಂದು ದಿನ ಹುಡುಗರು ಹಾಲಿನಕ್ಕನ ಹುಲ್ಲಿಗೆ ಕೈ ಹಾಕಿದರು. ಆಕೆ ಪೊರಕೆ ಹಿಡಿದು ಅಟ್ಟಿಸಿಕೊಂಡು ಬಂದಳು.

"ಅಸೀನ ಒಟ್ಟೆಗೇ ಸಾಲ್ದು ಕಣ್ರೋ ಅದು. ಸುಡಕ್ಕೆ ಬಂದ್ರಾ? ನಿಮ್ ಕಾಲ್ ಬೆಂದೋಗ."

"ನಿಂಗ್ಯಾಕಕ್ಕ ಅಷ್ಟು ಉರಿ? ಬೆಂಕಿ ಹಾಕಿರೋರು ನಾವು" ಅಂದ ಯಜಮಾನರ ಮೊಮ್ಮಗ. ನಮ್ಮೆಲ್ಲರಿಗಿಂತ ದೊಡ್ಡವನು, ಅವನು ಹೇಳಿದ್ದೇ ಆಟ. ದೇವಸ್ಥಾನದಿಂದ ಆಗಲೇ ವಾಪಸಾಗಿ ಕೊಳಾಯಿ ಹತ್ತಿರ ನಿಂತಿದ್ದ ಹೆಂಗಸರು ಅವನ ಮಾತಿಗೆ ನಕ್ಕರು. ಆದರೆ ನೆನಪಿನಲ್ಲಿ ಇಟ್ಟುಕೊಂಡದ್ದು ಹಾಲಿನಕ್ಕನ ಮಾತನ್ನು.

ಅದಾದ ವಾರಕ್ಕೆ ಮೊಮ್ಮಗ ಒಂದು ಗೋಣಿಚೀಲದ ತುಂಬ ಎಲೆ ತಂದ. ಯಾವುದೋ ಬಂಗಲೆಯ ಕಾಂಪೌಂಡಿನಲ್ಲಿ ಮಾಲಿ ಗುಡಿಸಿ ಹಾಕಿದ್ದಂತೆ. ಕುಡುಗೋಲಿನ ಹಾಗೆ ಬಾಗಿದ ಉದ್ದನೆಯ ಎಲೆಗಳು. ನಾನು ಅಂಥವನ್ನು ಕಂಡಿರಲಿಲ್ಲ.

"ಎಂಗ್ ಉರೀತವೆ ನೋಡ್ತಿರಿ" ಅಂದ.

ಅಂದರೆ ಅವನಿಗೆ ಗೊತ್ತಿತ್ತೇ? ಬರೀ ಜಂಬಕ್ಕೆ ಅಂದನೇ? ನನಗೆ ಇವತ್ತಿಗೂ ಅನುಮಾನವಿದೆ.

ಇಬ್ಬರು ಹುಡುಗರು ಹಾರಿದರು. ಅವನು ನನ್ನ ಕಡೆ ತಿರುಗಿ, "ಎಲೆ ತರೋಳು ಎಲೆ ತರಕ್ಕೇ ಸೈ, ಬುಡ್ರೋ" ಅಂದ. ನಾನು ಲಂಗವನ್ನು ಕಚ್ಚೆ ಹಾಕಿದ ಹಾಗೆ ಎತ್ತಿ ಸಿಕ್ಕಿಸಿಕೊಂಡು ಓಡಿದೆ. ನಾನು ಓಡಿ ಬರುತ್ತಿದ್ದ ಹಾಗೇ ಅವನು ಇನ್ನೊಂದು ತೆಕ್ಕೆ ಎಲೆ ಸುರಿದ. ಬೆಂಕಿ ಒಂದೇ ಸಲಕ್ಕೆ ಭಗ್ಗೆಂದು ನನ್ನ ಸೊಂಟದೆತ್ತರ ಎದ್ದಿತು. ಸಿಕ್ಕಿಸಿದ ಲಂಗ ಗಾಳಿಯಲ್ಲಿ ಬಿಚ್ಚಿಕೊಂಡಿತು. ಆಚೆ ಕಡೆ ಕಾಲೂರಿದಾಗ ಅಂಚು ಉರಿಯುತ್ತಿತ್ತು.

ಹುಡುಗರೆಲ್ಲ ಓಡಿಹೋದರು. ಕೊಟ್ಟಿಗೆಯಿಂದ ಹಾಲಿನಕ್ಕ ಬಂದಳು. ಒಂದು ಕೈಯಲ್ಲಿ ಸೀಮೆಎಣ್ಣೆ ಸೀಸೆ, ಇನ್ನೊಂದರಲ್ಲಿ ಕಲಗಚ್ಚಿನ ಬಕೀಟು. ಸೀಸೆಯನ್ನು ಅಲ್ಲೇ ಅಂಗಳದಲ್ಲಿ ಇಟ್ಟು, ಬಕೀಟನ್ನು ಪೂರ್ತಿ ನನ್ನ ಮೇಲೆ ಬೋರಲು ಹಾಕಿದಳು. ಹಸುವಿಗೆಂದು ಇಟ್ಟಿದ್ದ ಅಕ್ಕಿ ತೊಳೆದ ನೀರು, ಹಳಸಿದ ಅನ್ನ, ತರಕಾರಿ ಸಿಪ್ಪೆ ಎಲ್ಲ ತಲೆಯಿಂದ ಇಳಿಯಿತು. ಬೆಂಕಿ ಆರಿತು.

ಅವ್ವ ದೇವಸ್ಥಾನದಿಂದ ಬಂದವಳು ಮೊದಲು ಬೆನ್ನಿಗೆ ಒಂದು ಬಿಟ್ಟಳು. ಆಮೇಲೆ ಸುಣ್ಣದ ತಿಳಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಡೆದು ಕಾಲಿಗೆ ಹಚ್ಚಿ, ಗೋಡೆ ಪಕ್ಕ ಮಲಗಿಸಿದಳು. ಗೋಡೆಯ ಆಚೆ ಕೊಳಾಯಿ. ಅಲ್ಲಿಯ ಮಾತೆಲ್ಲ ನನಗೆ ಕೇಳಿಸುತ್ತಿತ್ತು.

"ಸೀಮೆಎಣ್ಣೆ ಸೀಸೆ ಬೆಂಕಿ ಪಕ್ಕದಲ್ಲೇ ಇತ್ತಂತೆ."

"ಓದ್ವಾರ ಅವಳೇ ತಾನೆ ಅಂದಿದ್ದು, ಕಾಲ್ ಬೆಂದೋಗ್ಲಿ ಅಂತ."

"ತಾನೇ ಅಚ್ಚಿ ತಾನೇ ಆರ್ಸಿದ್ಳು ಅನ್ನಿ."

ಬೆಳಿಗ್ಗೆ ಆ ಸೀಸೆಯಲ್ಲಿ ಸೀಮೆಎಣ್ಣೆ ತುಂಬ ಇತ್ತು. ಮಧ್ಯಾಹ್ನದ ಹೊತ್ತಿಗೆ, ಕೊಳಾಯಿಯ ಮಾತಿನಲ್ಲಿ, ಅರ್ಧವಾಯಿತು. ಸಂಜೆಗೆ ತೊಟ್ಟೂ ಉಳಿಯಲಿಲ್ಲ.

"ಕಲಗಚ್ಚು ಉಯ್ದಿದ್ದು ಅವ್ರೇ ಕಣವ್ವ" ಅಂದೆ.

"ಉಯ್ಯದೇ ನಿಂತಿದ್ರೆ ಜನ ಏನಂದಾರು ಅಂತ ಉಯ್ದಿರ್ತಾಳೆ. ನೀ ಸುಮ್ನೆ ಮಲಿಕ್ಕೊ" ಅಂದಳು ಅವ್ವ. ಅವ್ವ ಯಾರನ್ನೂ ನಂಬಿದವಳಲ್ಲ. ಕೊತ್ತಂಬರಿ ಸೊಪ್ಪಿನ ಕಟ್ಟನ್ನೂ ಬಿಚ್ಚಿ ನೋಡಿಯೇ ಕೊಳ್ಳುತ್ತಿದ್ದಳು.

ಆ ಮಾತು ಕೇಳಿದ ಮೇಲೆ ನನಗೂ ಅನುಮಾನ ಹತ್ತಿತು. ಬೆಂಕಿ ಅಷ್ಟು ಎತ್ತರ ಯಾವತ್ತೂ ಎದ್ದಿರಲಿಲ್ಲ. ನಾನು ಓಡುವಾಗ ಹಾಲಿನಕ್ಕ ಎಲ್ಲಿದ್ದಳು? ನಾನು ಕಂಡಿರಲಿಲ್ಲ. ಕಣ್ಣು ಮುಚ್ಚಿಕೊಂಡು ಬೆಳಗಿನದನ್ನೆಲ್ಲ ಮತ್ತೆ ನೆನೆಸಿಕೊಂಡೆ. ಸೀಮೆಎಣ್ಣೆಯ ವಾಸನೆ ನನಗೆ ಚೆನ್ನಾಗಿ ಗೊತ್ತು, ಲಾಟೀನಿಗೆ ಎಣ್ಣೆ ತುಂಬುತ್ತಿದ್ದವಳು ನಾನೇ. ಆ ಬೆಂಕಿಯಿಂದ ಬಂದದ್ದು ಅದಲ್ಲ. ಮೂಗಿನೊಳಗೆ ತಣ್ಣಗೆ ಕುಟುಕುವಂಥ ಬೇರೆ ವಾಸನೆ, ನೆಗಡಿಯಾದಾಗ ಯಜಮಾನರ ಮನೆಯವರು ಎದೆಗೆ ಹಚ್ಚಿಕೊಳ್ಳುವ ಎಣ್ಣೆಯದರಂಥದ್ದು.

ದೀಪ ಹಚ್ಚುವ ಹೊತ್ತಿಗೆ ಯಜಮಾನರು ಜಗಲಿಯ ಮೇಲೆ ಕೂತು ಅಪ್ಪನನ್ನೂ ಹಾಲಿನಕ್ಕನನ್ನೂ ಕರೆಸಿದರು. ನನ್ನನ್ನು ಅವ್ವ ಎತ್ತಿಕೊಂಡು ಬಂದು ಬಾಗಿಲ ಬಳಿ ಕೂರಿಸಿದಳು. ವಠಾರವೆಲ್ಲ ಕೆಲಸ ಬಿಟ್ಟು ಬಂದಿತ್ತು.

"ಸೀಸೆ ಯಾಕೆ ತಂದೆ ಅಂಗಳಕ್ಕೆ?" ಎಂದು ಕೇಳಿದರು ಯಜಮಾನರು.

"ಲಾಟೀನಿಗೆ ಉಯ್ತಿದ್ದೆ ಬುದ್ಧೀ. ಮಗಿನ ಕೂಗು ಕೇಳ್ತು, ಕೈಲಿದ್ದಂಗೇ ಓಡ್ಬಂದ್ಬುಟ್ಟೆ. ಸೀಸೆ ಮಡಗಿ ಬರೋವಷ್ಟೊತ್ಗೆ ಮಗ ಉಳೀತಿತ್ತಾ?"

"ಶಾಪ ಹಾಕಿದ್ದು ನೀನೇ, ಸೀಸೆ ತಂದಿದ್ದೂ ನೀನೇ. ಮಕ್ಕಳಿರೋ ಜಾಗ ಇದು. ಹಬ್ಬದೊಳಗೆ ಕೊಟ್ಟಿಗೆ ಖಾಲಿ ಮಾಡು. ಅಲ್ಲಿವರೆಗೆ ಈ ವಠಾರದಲ್ಲಿ ನಿನ್ನ ಹಾಲು ಯಾರೂ ತಗೊಳ್ಳೋದು ಬೇಡ."

"ಎಳ್ಡು ಅಸ ಕಟ್ಕೊಂಡು ಎಲ್ಲೋಗ್ಲಿ ಬುದ್ಧೀ? ಆಲು ಮಾರ್ದಿದ್ರೆ ಅವುಕ್ಕೇನಾಕ್ಲಿ, ನಾನೇನ್ ತಿನ್ಲಿ?"

ಬಾಡಿಗೆಯವರು ಯಜಮಾನರ ಎದುರು ಬಾಯಿ ತೆಗೆಯುವುದು ಆಗ ಇರಲಿಲ್ಲ. ಯಜಮಾನರು ನನ್ನ ಕಡೆ ಬಗ್ಗಿ, ಬಹಳ ಮೆತ್ತಗೆ ಕೇಳಿದರು.

"ನೀನೇ ಹೇಳು ಮಗು. ಸೀಮೆಎಣ್ಣೆ ವಾಸನೆ ಬಂತು, ಅಲ್ವಾ?"

"ಇಲ್ಲ. ನೆಗಡಿ ಎಣ್ಣೆ ವಾಸನೆ ಬಂತು" ಅಂದೆ.

ಎಲ್ಲರೂ ನಕ್ಕರು. "ರಾತ್ರಿ ಎದೆಗೆ ಹಚ್ಚಿರ್ತಾರೆ, ಅದೇ ವಾಸನೆ" ಅಂದರು ಯಜಮಾನರು.

"ನಮ್ಮನೇಲಿ ಆ ಎಣ್ಣೆ ಇಲ್ಲ" ಅಂದಳು ಅವ್ವ. "ನೆಗಡಿಗೆ ಮೆಣಸಿನ ಕಷಾಯ ಬುಟ್ರೆ ನಮಗೆ ಬೇರೆ ಗೊತ್ತಿಲ್ಲ." ಆಮೇಲೆ ನನ್ನತ್ತ ತಿರುಗಿದಳು. "ಯಾವೆಲೆ ಸುಟ್ರೇ ನೀವು?"

"ಮಾವಿನೆಲೆ" ಅಂದ ಮೊಮ್ಮಗ. ಅವನನ್ನು ಯಾರೂ ಕೇಳಿರಲಿಲ್ಲ.

ಅವ್ವನಿಗೆ ಅಷ್ಟು ಸಾಕಾಯಿತು. ಒಗೆಯುವ ಕಲ್ಲಿನ ಹಿಂದೆ ಗೋಣಿಚೀಲ ಇನ್ನೂ ಬಿದ್ದಿತ್ತು, ಕಾಲು ಭಾಗ ಎಲೆ ಉಳಿದಿತ್ತು. ನಾನು ಕೈ ತೋರಿಸಿದೆ. ಅವ್ವ ಅದನ್ನು ಎಳೆದು ತಂದು, ಒಂದು ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದಳು. ಅಂಗಳದ ಮೂಲೆಯಲ್ಲಿ ಯಜಮಾನರ ಸ್ನಾನಕ್ಕೆ ಹಂಡೆ ಒಲೆ ಉರಿಯುತ್ತಿತ್ತು. ಒಂದು ಹಿಡಿ ಎಲೆ ತೆಗೆದು ಅದರೊಳಕ್ಕೆ ಎಸೆದಳು. ಚಟಪಟ ಎಂದು ಉರಿ ಒಲೆಯ ಬಾಯಿಂದ ಒಂದು ಮೊಳ ಆಚೆಗೆ ಬಂತು. ನಿಂತಿದ್ದ ಹೆಂಗಸರು ಸೀರೆ ಎತ್ತಿಕೊಂಡು ಹಿಂದಕ್ಕೆ ಸರಿದರು. ಅಂಗಳವೆಲ್ಲ ನೆಗಡಿ ಎಣ್ಣೆಯ ವಾಸನೆ. ಅದು ನೀಲಗಿರಿ ಮರದ ಎಲೆ, ಎಲೆಯೊಳಗೇ ಎಣ್ಣೆ ಇರುತ್ತದೆ ಎಂದು ಆಮೇಲೆ ಅಪ್ಪ ಮಂಡಿಯಲ್ಲಿ ಕೇಳಿಕೊಂಡು ಬಂದರು.

ಅವ್ವ ಚೀಲದ ಬಾಯಿ ಅಗಲಿಸಿ ಯಜಮಾನರ ಮುಂದೆ ಹಿಡಿದಳು. "ಮೂಸಿ ನೋಡಿ, ಯಜಮಾನ್ರೇ."

ಯಜಮಾನರು ಮೂಸಲಿಲ್ಲ. ಮೊಮ್ಮಗನ ಕಡೆಯೂ ನೋಡಲಿಲ್ಲ. "ಇರಲಿ ಬಿಡಮ್ಮ. ಎಲೆ ವಿಷಯ ಬೇರೆ, ಕೊಟ್ಟಿಗೆ ವಿಷಯ ಬೇರೆ. ಸಗಣಿ, ಸೊಳ್ಳೆ, ಗಲೀಜು. ನಾನು ಹೇಳಿದ್ದು ಹೇಳಿದ್ದೇ" ಎಂದು ಒಳಗೆ ಹೋದರು.

ಸೀಮೆಎಣ್ಣೆಯ ಮಾತು ಅಲ್ಲಿಗೆ ಮುಗಿಯಿತು. ಆ ಮಾತು ಅವರಿಗೆ ಬೇಕಾಗಿದ್ದದ್ದು ಮೋಟಾರಿಗೋಸ್ಕರ ಎಂದು ಎಂಟೊಂಬತ್ತು ವರ್ಷದ ನನಗೇ ಅರ್ಥವಾಯಿತು, ದೊಡ್ಡವರಿಗೆ ಆಗಲಿಲ್ಲ ಎಂದರೆ ನಾನು ನಂಬುವುದಿಲ್ಲ. ಬೆಳಗಿನಿಂದ ಕೊಳಾಯಿ ಹತ್ತಿರ ಅಷ್ಟೆಲ್ಲ ಆಡಿದವರು ಒಬ್ಬೊಬ್ಬರಾಗಿ ತಮ್ಮ ಬಾಗಿಲು ಹಾಕಿಕೊಂಡರು. ತಪ್ಪಾಯಿತು ಎಂದು ಒಬ್ಬರೂ ಹಾಲಿನಕ್ಕನಿಗೆ ಹೇಳಲಿಲ್ಲ. ಹಾಲು ತೆಗೆದುಕೊಳ್ಳುತ್ತೇವೆ ಎಂದೂ ಹೇಳಲಿಲ್ಲ. ಆಕೆ ಗೋಣಿಚೀಲದಲ್ಲಿ ಉಳಿದ ಎಲೆ ಕೊಡವಿ, ಅದನ್ನು ಮಡಿಸಿ ಎತ್ತಿಕೊಂಡು ಕೊಟ್ಟಿಗೆಗೆ ಹೋದಳು, ಹಸುವಿನ ಕೆಳಗೆ ಹಾಸುವುದಕ್ಕೆ.

ಆಕೆ ಆ ಸಂಕ್ರಾಂತಿಗೆ ಕೊಟ್ಟಿಗೆ ಬಿಡಲಿಲ್ಲ, ಮುಂದಿನ ಸಂಕ್ರಾಂತಿಗೂ ಬಿಡಲಿಲ್ಲ. ಮೋಟಾರು ಬೀದಿಯಲ್ಲೇ ತುಕ್ಕು ಹಿಡಿಯಿತು. ಅದಕ್ಕೆ ನ್ಯಾಯ ನೀತಿ ಏನೂ ಕಾರಣವಲ್ಲ. ವಠಾರದ ಗಂಡಸರಿಗೆ ಹಾಲಿಲ್ಲದ ಕಾಫಿ ಒಂದೆರಡು ದಿನಕ್ಕಿಂತ ಹೆಚ್ಚು ಇಳಿಯಲಿಲ್ಲ, ಯಜಮಾನರಿಗೂ ಇಳಿಯಲಿಲ್ಲ. ಒಬ್ಬರು ಹೋದದ್ದು ನೋಡಿ ಇನ್ನೊಬ್ಬರು ಹೋದರು. ಮೊದಲು ಹೋದದ್ದು ನಾನು.

ಮಾರನೇ ಬೆಳಿಗ್ಗೆ ಅವ್ವ ಚೊಂಬು ತೊಳೆದು ಹೊಸ್ತಿಲ ಹತ್ತಿರ ಇಟ್ಟು ಒಲೆ ಮುಂದೆ ಕೂತಳು. ಹಾಲು ತಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಪ್ಪ ನನ್ನನ್ನು ನೋಡಿ ಗೋಡೆ ಕಡೆ ತಿರುಗಿಕೊಂಡರು. ನಾನು ಚೊಂಬು ತೆಗೆದುಕೊಂಡು ಕುಂಟುತ್ತಾ ಕೊಟ್ಟಿಗೆಗೆ ಹೋದೆ.

ಹಾಲಿನಕ್ಕ ಕರುವಿನ ಕೊರಳು ಹಿಡಿದು ಸುಮ್ಮನೆ ಕೂತಿದ್ದಳು. "ಯಾಕ್ ಬಂದೆ? ನಿಮ್ಮಪ್ಪನ್ನೂ ಮನೆ ಬುಡುಸ್ತಾರೆ, ಓಗು."

"ಹಾಲಿಗೆ ಬಂದೆ."

ಆಕೆ ಎದ್ದಳು. ಕರು ಬಿಟ್ಟು, ಮತ್ತೆ ಎಳೆದು ಕಟ್ಟಿ, ಪಾತ್ರೆಯನ್ನು ಮಂಡಿಯ ನಡುವೆ ಇಟ್ಟುಕೊಂಡಳು. ಆಗೆಲ್ಲ ಹಾಲು ಕರೆಸುವ ಮೊದಲು ಪಾತ್ರೆಯನ್ನು ಬೋರಲು ಹಾಕಿಸಿ ನೋಡುವುದು ಪ್ರತಿ ಮನೆಯವರ ಪದ್ಧತಿ. ತಳದಲ್ಲಿ ನೀರಿದ್ದರೆ ಗೊತ್ತಾಗಲಿ ಎಂದು.

"ಬೋರಲಾಕಿ ತೋರ್ಸಕ್ಕ" ಅಂದೆ.

ಆಕೆ ನನ್ನನ್ನೇ ನೋಡಿದಳು. "ನಿನ್ ಬೆಂಕಿ ಆರ್ಸಿದೋಳು ಕಣೇ ನಾನು."

"ಅದು ನಿನ್ನೆ."

ಪಾತ್ರೆ ಬೋರಲು ಹಾಕಿದಳು. ಒಂದು ಸೌಟಿನಷ್ಟು ನೀರು ನೆಲಕ್ಕೆ ಬಿತ್ತು. ಸೆರಗಿನಿಂದ ಪಾತ್ರೆ ಒರೆಸಿ, ಇನ್ನೊಮ್ಮೆ ಬೋರಲು ಹಾಕಿ ತೋರಿಸಿ, ಕರೆಯಲು ಕೂತಳು.

ಹಾಲಿಗೆ ದೃಷ್ಟಿಯಾಗುತ್ತದೆ ಎಂದು ಚೊಂಬಿನ ಬಾಯಿ ಮುಚ್ಚಿ ತರುವುದು ರೂಢಿ. ನಾನು ಮುಚ್ಚಲಿಲ್ಲ. ಯಜಮಾನರು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಕಾಲು ಉರಿಯುತ್ತಿದ್ದರಿಂದ ಬೇಗ ನಡೆಯಲಾಗಲಿಲ್ಲ. ನೊರೆಹಾಲಿನ ಚೊಂಬನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಅವರ ಮುಂದೆಯೇ ನಿಧಾನಕ್ಕೆ ಹಾದು ಮನೆಯೊಳಗೆ ಹೋದೆ.