ಗಂಗಾಂಬಿಕೆ ಹುಡುಕಿದ ಪದ

ಇಷ್ಟಲಿಂಗ ಪೂಜೆ ಮುಗಿಸಿ, ನಿಘಂಟಿನಲ್ಲಿ ಒಂದು ಇಂಗ್ಲಿಷ್ ಪದ ಓದದೆ ಗಂಗಾಂಬಿಕೆ ಕಾಫಿ ಮುಟ್ಟುವವರಲ್ಲ. ಮದುವೆಯಾಗದೆ ಸಾರಕ್ಕಿಯ ತಮ್ಮನ ಮನೆಯಲ್ಲೇ ಉಳಿದು, ತಾಯಿಯಿಲ್ಲದ ಅವನ ಮಗ ಸೋಮನಾಥನನ್ನು ಸಾಕಿದವರು ಅವರು.

ನಿನ್ನೆ ಸಂಜೆ ಅದೇ ಸೋಮನಾಥ ಫೋನಿನಲ್ಲಿ ಗೆಳೆಯನಿಗೆ, "ಏನ್ಮಾಡೋದು ಮಗಾ, ಅತ್ತೇನ ಟಾಲರೇಟ್ ಮಾಡ್ಬೇಕಲ್ಲ," ಎಂದು ನಕ್ಕಿದ್ದ.

ಇವತ್ತು ಅವರು ಆ ಪದವನ್ನೇ ಹುಡುಕಿದರು. ಇಷ್ಟವಿಲ್ಲದಿದ್ದರೂ ಸಹಿಸಿಕೊಳ್ಳುವುದು ಎಂದಿತ್ತು. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಹೊರುವುದು. ಜ್ವರ ಬಂದ ಹುಡುಗನನ್ನು ಸೊಂಟದ ಮೇಲೆ ಹೊತ್ತು ಜಯನಗರದ ಕ್ಲಿನಿಕ್ಕಿಗೆ ನಡೆದದ್ದು ನೆನಪಾಯಿತು. ಕಾಫಿ ಆರಿಹೋಯಿತು.

ಸಂಜೆ ತರಕಾರಿ ಚೀಲ ಹಿಡಿದು ಬರುತ್ತಿದ್ದಾಗ ಸೋಮನಾಥ ಪಕ್ಕದಲ್ಲೇ ಸ್ಕೂಟರ್ ನಿಲ್ಲಿಸಿದ.

"ಅತ್ತೆ, ಚೀಲ ಕೊಡಿ. ನೀವೂ ಹಿಂದೆ ಕೂತ್ಕೊಳಿ."

"ಬೇಡಪ್ಪ," ಎಂದರು ಗಂಗಾಂಬಿಕೆ. "ನನ್ನ ನೀನು ಹೊತ್ತಿದ್ದು ಸಾಕು."