ಬಣ್ಣದ ನೀರು ಚೆಲ್ಲಿದ ಮೂಲೆ

ನನ್ನವರು ತೀರಿಕೊಂಡ ಮೇಲೆ ಬನಹಟ್ಟಿಯ ನಮ್ಮ ಮನೆಯ ಮುಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟೆ. ಬಂದವರು ಗಂಡ, ಹೆಂಡತಿ, ಒಂದು ಸಣ್ಣ ಹೆಣ್ಣುಮಗು. ಗಂಡನಿಗೆ ಜಮಖಂಡಿಯ ಕಾಲೇಜಿನಲ್ಲಿ ನೌಕರಿ. ಕರಾರುಪತ್ರವನ್ನು ಮನೆಯ ಮಾಲೀಕರು ಬರೆಸುವುದು ರೂಢಿ. ಇವರು ತಾವೇ ಬರೆದುಕೊಂಡು ಬಂದಿದ್ದರು. ನನ್ನ ಸಂಶಯ ಅಲ್ಲಿಂದಲೇ ಶುರುವಾಯಿತು.

ಹೆಂಡತಿ ಓದಿ ಹೇಳಿದಳು. ಜಳಕದ ನೀರನ್ನು ಗಟಾರಕ್ಕೆ ಬಿಡದೆ ಹಿತ್ತಲಿಗೆ ಹರಿಸುತ್ತೇವೆ. ಕಸ ಸುಡುವುದಿಲ್ಲ. ಬೇವಿನ ಗಿಡವನ್ನು ನಾವೂ ಕಡಿಯುವುದಿಲ್ಲ, ನೀವೂ ಕಡಿಯುವಂತಿಲ್ಲ. ನನ್ನ ಗಿಡ, ನನ್ನ ಹಿತ್ತಲು, ಹೇಳುವವರು ಇವರು! ಕೊನೆಗೆ ಒಂದು ಸಾಲು ಖಾಲಿ ಬಿಟ್ಟಿದ್ದರು. ಹಿತ್ತಲಿನ ನೆಲಕ್ಕೆ ಹಿಂದೆ ಏನಾದರೂ ಚೆಲ್ಲಿದ್ದರೆ ನಾನು ಅಲ್ಲಿ ಬರೆಸಬೇಕಂತೆ.

"ಅದ್ಯಾಕವ್ವಾ ಬೇಕು ನಿಮಗ?"

"ಹಿತ್ತಲದಾಗ ಕಾಯಿಪಲ್ಲೆ ಹಚ್ಚೋರದೀವ್ರಿ ಅಮ್ಮಾರ. ಕೂಸು ತಿನ್ನೂದೈತಲ್ರಿ, ಅದಕ್ಕ ಕೇಳಾಕತ್ತೇನಿ."

ವಿಚಾರ ಮಾಡಿ ಹೇಳುತ್ತೇನೆಂದು ಕಾಗದ ಇಟ್ಟುಕೊಂಡೆ. ಸಹಿ ಆಮೇಲೆ ಆದರಾಯಿತೆಂದು ಅವರು ಸಾಮಾನು ತಂದು ಇಳಿದರು.

ನನ್ನವರು ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದರು. ನೂಲು ಅದ್ದಿ ಮುಗಿದ ಮೇಲೆ ನಾವಿಬ್ಬರೂ ಹಂಡೆಯ ಒಂದೊಂದು ಬದಿ ಹಿಡಿದು, ಉಳಿದ ನೀರನ್ನು ಹಿತ್ತಲಿನ ಮೂಲೆಗೆ ಸುರಿಯುತ್ತಿದ್ದೆವು. ಓಣಿಯಲ್ಲಿ ಈ ಕೆಲಸ ಮಾಡುವವರೆಲ್ಲ ಹಾಗೆಯೇ. ಹಿತ್ತಲಿನ ಮಣ್ಣಿನ ಬಣ್ಣ ನೋಡಿ ನೆರೆಯವರು, "ಏನಪಾ, ಈ ಸಲ ಊರಿಗೆಲ್ಲಾ ಹಸರ ಸೀರಿನಽ ಏನು?" ಎಂದು ನಗುತ್ತಿದ್ದರು. ಕಡೆಯ ದಿನ ಮೈ ತೊಳೆಯುವಾಗಲೂ ಅವರ ಉಗುರಿನ ಸಂದಿಯ ನೀಲಿ ಹೋಗಲಿಲ್ಲ. ಅಂಥವರನ್ನು ತಪ್ಪಿತಸ್ಥರಂತೆ ಛಾಪಾಕಾಗದದ ಮೇಲೆ ಬರೆಸಲು ನನಗೆ ಮನಸ್ಸಾಗಲಿಲ್ಲ.

ಮೈದುನ ಬಂದು ಕಾಗದ ನೋಡಿದ. "ವೈನಿ, ಬರಸಬ್ಯಾಡ್ರಿ. ಇವತ್ತ ಬರಸ್ಕೋತಾರ, ನಾಳೆ ನೆಲಾ ಕೆಡಿಸೀರಿ ಅಂತ ಕೋರ್ಟಿಗೆ ಎಳೀತಾರ. ಆಮ್ಯಾಲ ಬಾಡಿಗಿನೂ ಇಲ್ಲ, ಮನಿನೂ ಇಲ್ಲ!"

ನನಗೂ ಖರೆ ಅನ್ನಿಸಿತು. ಅಂದಿನಿಂದ ಕಿಟಕಿಯಲ್ಲಿ ನಿಂತು ಅವರನ್ನು ನೋಡುವುದೇ ಕೆಲಸವಾಯಿತು. ಗಂಡ ಹಿತ್ತಲಿನಲ್ಲಿ ಹಗ್ಗ ಹಿಡಿದು ಅಳೆದರೆ ಕೋರ್ಟಿಗೆ ಲೆಕ್ಕ ಕೊಡಲು ಅಳೆಯುತ್ತಿದ್ದಾನೆ ಅನ್ನಿಸುತ್ತಿತ್ತು. ಇಬ್ಬರೂ ಮೆಲ್ಲಗೆ ಮಾತಾಡಿದರೆ ನನ್ನ ಬಗ್ಗೆಯೇ ಅನ್ನಿಸುತ್ತಿತ್ತು.

ಒಂದು ಭಾನುವಾರ ಹೆಂಡತಿ ಗುದ್ದಲಿ, ಮೆಂತ್ಯೆಕಾಳು ಹಿಡಿದು ನೇರ ಆ ಮೂಲೆಗೇ ಹೋದಳು. ಅಲ್ಲಿ ಹುಲ್ಲಿನ ಎಸಳೂ ಹುಟ್ಟುವುದಿಲ್ಲ. ಕಳೆ ಕೀಳುವ ಕೆಲಸವಿಲ್ಲವೆಂದು ಆ ಜಾಗ ಆರಿಸಿದಳೋ, ನನ್ನ ಬಾಯಿ ಬಿಡಿಸಲೆಂದೇ ಹೋದಳೋ, ತಿಳಿಯಲಿಲ್ಲ. ಕಿಟಕಿ ಬಿಟ್ಟು ಹಿತ್ತಲ ಬಾಗಿಲಿಗೆ ಬಂದೆ. ಅಷ್ಟರಲ್ಲಿ ಮಗು ಅಗೆದ ಮಣ್ಣಿನಲ್ಲಿ ಕೂತು ಬೆರಳನ್ನು ಬಾಯಿಗೆ ಒಯ್ಯಿತು.

"ಅಲ್ಲಿ ಬ್ಯಾಡವಾ! ಬಣ್ಣದ ನೀರ ಚೆಲ್ಲಿದ ಜಾಗ ಅದು. ಮೊದಲ ಕೂಸಿನ ಕೈ ಬಾಯಿ ತೊಳಿ!"

ಅವಳು ಮಗುವನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಓಡಿದಳು. ತೊಳೆದು ಬಂದ ಮೇಲೆ ಮೆಲ್ಲಗೆ ಕೇಳಿದಳು.

"ನಿಮ್ಮ ಯಜಮಾನ್ರು ಚೆಲ್ಲಿದ್ದು ಅಂತ ಬರೀಲೇನ್ರಿ ಅಮ್ಮಾರ?"

"ಅವರು ಅಂತ ಬ್ಯಾಡ," ಅಂದೆ. "ನಾವು ಅಂತ ಬರಿ. ಹಂಡೇದ ಇನ್ನೊಂದ ಬಾಜು ನಾನಽ ಹಿಡೀತಿದ್ದೆ."

ಅವಳು ಬರೆದದ್ದನ್ನು ನಾನೇ ಓದಿ ನೋಡಿ ಸಹಿ ಮಾಡಿದೆ. ಮೆಂತ್ಯೆಯನ್ನು ಬೇವಿನ ಗಿಡದ ಆಚೆ ಹಾಕಿದ್ದಾರೆ, ಚೆನ್ನಾಗಿ ಬಂದಿದೆ. ಒಂದು ಹಿಡಿ ನನಗೂ ಕೊಟ್ಟರು. ಆದರೂ ಪೋಸ್ಟಿನವನ ಸೈಕಲ್ಲು ಬಾಗಿಲ ಮುಂದೆ ನಿಂತರೆ, ಕೋರ್ಟಿನ ಕಾಗದವೇನೋ ಎಂದು ಈಗಲೂ ಮೊದಲು ಕಿಟಕಿಯಲ್ಲಿ ಇಣುಕಿ ನೋಡುತ್ತೇನೆ.